ಅಜ್ಜಿ ತೀರಿಕೊಂಡದ್ದು ಯಾವುದರಿಂದ?

ಅಂಡಾಶಯದ ಕ್ಯಾನ್ಸರ್ ಮತ್ತು ಜೀನ್ ಪರೀಕ್ಷೆ: ಓದುಗರ ಪತ್ರಗಳಿಗೆ ತಜ್ಞ ವೈದ್ಯೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಕಾಯಿಲೆಯ ಸುತ್ತ ಇವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡಿದ್ದಾರೆ, ಯಾರದ್ದೂ ಹಾಕಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಅಮ್ಮ ಹೋದ ವರ್ಷ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. ಐವತ್ತೆರಡು ವರ್ಷ. ಹೊಟ್ಟೆಯುಬ್ಬರ ಅಂತ ಆರು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದೇ ಬಂತು. ಗೊತ್ತಾಗುವ ಹೊತ್ತಿಗೆ ಮೂರನೇ ಹಂತ. ನನಗೀಗ 34, ಇಬ್ಬರು ಮಕ್ಕಳು. ರಕ್ತದಲ್ಲಿ ಜೀನ್ ನೋಡಿ ಮೊದಲೇ ಹೇಳುತ್ತಾರಂತೆ, ನಿಜವೇ? ಯಾವ ಟೆಸ್ಟ್ ಮಾಡಿಸಲಿ?
– ಓದುಗರು, ಮೈಸೂರು

ಉತ್ತರ: ಅರ್ಧ ನಿಜ. 'ಜೀನ್ ನೋಡಿ ಹೇಳುವುದು' ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಒಂದು, ಹುಟ್ಟುವಾಗಲೇ ಅಪ್ಪನಿಂದಲೋ ಅಮ್ಮನಿಂದಲೋ ಬಂದ ಜೀನ್ ದೋಷ. ಅದು ಮೈಯ ಎಲ್ಲ ಜೀವಕೋಶಗಳಲ್ಲೂ ಇರುತ್ತದೆ, ಐದು ವರ್ಷದ ಮಗುವಿನ ರಕ್ತದಲ್ಲೂ ಸಿಗುತ್ತದೆ. ಅದು ಹೇಳುವುದು 'ಈಕೆಗೆ ಅಪಾಯ ಹೆಚ್ಚು' ಎಂದು, ಕ್ಯಾನ್ಸರ್ ಇದೆ ಎಂದಲ್ಲ. ಇನ್ನೊಂದು, ಗಡ್ಡೆ ಹುಟ್ಟಿದ ಮೇಲೆ ಅದರಿಂದ ಕಳಚಿ ರಕ್ತಕ್ಕೋ ಗರ್ಭಕೊರಳಿಗೋ ಬಂದು ಸೇರುವ ಡಿಎನ್‌ಎ ಚೂರು. ಅದು ಹೇಳುವುದು 'ಶುರುವಾಗಿದೆ' ಎಂದು. ಮೊದಲನೆಯದು ಇವತ್ತೇ ಮಾಡಿಸಬಹುದಾದ ಗಟ್ಟಿ ಪರೀಕ್ಷೆ. ಎರಡನೆಯದು ಸಂಶೋಧನೆಯ ಹೊಸ್ತಿಲು ಇನ್ನೂ ದಾಟಿಲ್ಲ. ದುಡ್ಡಿರುವವರು ಎರಡನೆಯದರ ಜಾಹೀರಾತು ನೋಡಿ ಓಡುತ್ತಾರೆ, ಮೊದಲನೆಯದು ಬೇಕಿರುವವರು ಕೇಳುವುದೇ ಇಲ್ಲ. ನೀವು ಕೇಳಿದಿರಿ, ಒಳ್ಳೆಯದಾಯಿತು.

ಹುಟ್ಟಿನಿಂದ ಬರುವ ದೋಷಗಳಲ್ಲಿ ಮುಖ್ಯವಾದವು ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2. ಸ್ತನ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ಮರುಕಳಿಸಲು 17ನೇ ವರ್ಣತಂತುವಿನ ಮೇಲಿರುವ ಯಾವುದೋ ಒಂದು ಜೀನ್ ಕಾರಣ ಎಂದು ಅಮೆರಿಕದ ಮೇರಿ-ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿದರು. ಒಂದೇ ಜೀನ್ ಇಷ್ಟು ಕೆಲಸ ಮಾಡೀತೇ ಎಂದು ಅಲ್ಲಿಯವರೆಗೆ ಅನುಮಾನಪಟ್ಟವರೇ ಹೆಚ್ಚು. 1994ರಲ್ಲಿ ಆ ಜೀನ್ ಕೈಗೆ ಸಿಕ್ಕಿತು, ಮರುವರ್ಷ ಬಿಆರ್‌ಸಿಎ-2 ಕೂಡ. ಇವೆರಡರ ಕೆಲಸ ಒಂದು ರೀತಿಯ ದರ್ಜಿ ಕೆಲಸ. ಡಿಎನ್‌ಎಯ ಎರಡೂ ಎಳೆಗಳು ಹರಿದಾಗ ತಪ್ಪಿಲ್ಲದೆ ಹೊಲಿದು ಸರಿಮಾಡುವುದು. ದರ್ಜಿ ಕೈಕೊಟ್ಟರೆ ಹರಕು ಹರಕಾಗಿಯೇ ಉಳಿಯುತ್ತದೆ, ತಪ್ಪುಗಳು ಒಂದರ ಮೇಲೊಂದು ಕೂಡುತ್ತವೆ. ಸಾಮಾನ್ಯವಾಗಿ ನೂರು ಹೆಂಗಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬಂದರೆ, 80 ವರ್ಷದೊಳಗೆ ಬಿಆರ್‌ಸಿಎ-1 ದೋಷವಿರುವವರಲ್ಲಿ ಸುಮಾರು 44 ಜನರಿಗೆ, ಬಿಆರ್‌ಸಿಎ-2 ದೋಷವಿರುವವರಲ್ಲಿ ಸುಮಾರು 17 ಜನರಿಗೆ ಬರುತ್ತದೆ. ಸ್ತನ ಕ್ಯಾನ್ಸರಿನ ಅಪಾಯ ಎರಡರಲ್ಲೂ ನೂರಕ್ಕೆ 70ರ ಆಸುಪಾಸು.

ಈಗ ನಿಮ್ಮ ವಿಚಾರ. ಜೀನ್ ಪರೀಕ್ಷೆಯನ್ನು ಮೊದಲು ಮಾಡಬೇಕಾದದ್ದು ಕಾಯಿಲೆ ಬಂದವರಿಗೆ. ನಮ್ಮ ದೇಶದಲ್ಲಿ ಅಂಡಾಶಯದ ಕ್ಯಾನ್ಸರ್ ಬಂದ ನಾಲ್ಕೈದು ಜನರಲ್ಲಿ ಒಬ್ಬರಿಗೆ ಈ ದೋಷ ಇರುತ್ತದೆ. ವಯಸ್ಸು ಎಷ್ಟೇ ಇರಲಿ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲದಿರಲಿ, ಅವರೆಲ್ಲರಿಗೂ ಪರೀಕ್ಷೆ ಮಾಡಿಸಿ ಎಂದೇ ಈಗಿನ ವೈದ್ಯಕೀಯ ಸೂಚನೆ. ನಿಮ್ಮ ಅಮ್ಮನಿಗೆ ಮಾಡಿಸಿದ್ದರೋ? ಹಳೆಯ ಫೈಲಿನಲ್ಲಿ ಹುಡುಕಿ. ಇಲ್ಲವಾದರೆ ಆಪರೇಷನ್ ಅಥವಾ ಬಯಾಪ್ಸಿ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಹೋಗಿ, "ಅಮ್ಮನ ಬ್ಲಾಕ್ ಇದೆಯೇ?" ಎಂದು ಕೇಳಿ. ತೆಗೆದ ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಬಿಲ್ಲೆ ಮಾಡಿ ವರ್ಷಗಟ್ಟಲೆ ಇಟ್ಟಿರುತ್ತಾರೆ. ಅದರಿಂದಲೂ ಪರೀಕ್ಷೆ ಸಾಧ್ಯ. ಅಲ್ಲಿ ದೋಷ ಸಿಕ್ಕಿದರೆ ಅದೊಂದೇ ನಿಮ್ಮಲ್ಲಿದೆಯೇ ಎಂದು ನೋಡಿದರಾಯಿತು, ಖರ್ಚೂ ಕಡಿಮೆ. ಅದು ಅಮ್ಮನಿಗೆ ಹುಟ್ಟಿನಿಂದಲೇ ಬಂದದ್ದಾದರೆ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿಲ್ಲವೆಂದರೆ ನಿಮ್ಮ ಅಪಾಯ ಉಳಿದ ಹೆಂಗಸರಷ್ಟೇ.

ಬ್ಲಾಕ್ ಸಿಗದಿದ್ದರೆ ನೇರವಾಗಿ ನಿಮ್ಮದೇ ರಕ್ತ ಕೊಡಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ನಾಲ್ಕೈದು ಎಂಎಲ್ ಸಾಕು. ಖಾಲಿ ಹೊಟ್ಟೆ ಬೇಡ, ವರದಿಗೆ ಮೂರು ನಾಲ್ಕು ವಾರ. ಆದರೆ ಆಗ ಬರುವ 'ನೆಗೆಟಿವ್'ಗೆ ಪೂರ್ಣ ಬೆಲೆ ಇರುವುದಿಲ್ಲ. ಅಮ್ಮನಲ್ಲಿದ್ದ ದೋಷ ನಿಮಗೆ ಬರಲಿಲ್ಲವೋ, ಅಮ್ಮನಲ್ಲೇ ಇರಲಿಲ್ಲವೋ, ಬಗೆಹರಿಯದು. ಪಾಸಿಟಿವ್ ಬಂದರೆ 35ರಿಂದ 40ರೊಳಗೆ, ಅದೂ ಬಿಆರ್‌ಸಿಎ-1 ಆದರೆ, ಅಂಡಾಶಯ ಮತ್ತು ಡಿಂಬನಾಳಗಳನ್ನು ತೆಗೆಸುವ ಮಾತು ಬರುತ್ತದೆ. ಬಿಆರ್‌ಸಿಎ-2ಕ್ಕೆ 40–45. ಅಪಾಯ ನೂರಕ್ಕೆ 80ರಷ್ಟು ಇಳಿಯುತ್ತದೆ. ಬದಲಿಗೆ ಒಂದೇ ದಿನದಲ್ಲಿ ಮುಟ್ಟು ನಿಲ್ಲುವ ಸಂಕಟ ಬರುತ್ತದೆ, ಅದಕ್ಕೆ ಔಷಧಿ ಇದೆ. ಎಲ್ಲಕ್ಕೂ ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ವರದಿ ಬಂದ ಮೇಲೆ ಹೋಗುವುದಲ್ಲ, ರಕ್ತ ಕೊಡುವ ಮುಂಚೆ.

ಪ್ರಶ್ನೆ: ಗ್ಯಾಸ್ಟ್ರಿಕ್‌ಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?
– ಮೂವರು ಓದುಗರು

ಉತ್ತರ: ಲಕ್ಷಣ ನೋಡಿದರೆ ತಿಳಿಯದು, ಲೆಕ್ಕ ಇಟ್ಟರೆ ತಿಳಿಯುತ್ತದೆ. ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಮತ್ತೆ ಮತ್ತೆ ಮೂತ್ರಕ್ಕೆ ಅವಸರ. ಇವು ಹೊಸದಾಗಿ ಶುರುವಾಗಿ ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಕಾಡಿದರೆ, ಅದರಲ್ಲೂ ವಯಸ್ಸು ಐವತ್ತರ ಮೇಲಾಗಿದ್ದರೆ, ಮಾತ್ರೆಯ ಅಂಗಡಿಗೆ ಹೋಗಬೇಡಿ, ಸ್ಕ್ಯಾನಿಂಗ್‌ಗೆ ಹೋಗಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಒಂದು ಗೀಟು ಹಾಕಿದರೆ ಸಾಕು.

ಪ್ರಶ್ನೆ: ಮಾಸ್ಟರ್ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಸಿಎ-125 ಎಂಬುದೂ ಇತ್ತು. ನನಗೆ 48 ಬಂದಿದೆ, ಎದುರಿಗೆ ಕೆಂಪಕ್ಷರದಲ್ಲಿ 'ಹೆಚ್ಚು' ಎಂದಿದೆ. ವಯಸ್ಸು 43. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇದೆ ಎಂದು ಮೊದಲೇ ಹೇಳಿದ್ದರು. ಹತ್ತು ದಿನದಿಂದ ನಿದ್ದೆ ಇಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ಇವತ್ತು ರಾತ್ರಿ ನಿದ್ದೆ ಮಾಡಿ. ಸಿಎ-125 ಜೀನ್ ಅಲ್ಲ, ರಕ್ತದಲ್ಲಿ ತೇಲುವ ಒಂದು ಪ್ರೋಟೀನು. 1981ರಲ್ಲಿ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಇದನ್ನು ಗುರುತಿಸಿದರು. ಕ್ಯಾನ್ಸರ್ ಇದೆ ಎಂದು ಗೊತ್ತಾದವರಲ್ಲಿ ಚಿಕಿತ್ಸೆ ನಾಟುತ್ತಿದೆಯೋ ಇಲ್ಲವೋ ನೋಡಲು ಇದು ಬಹಳ ಉಪಯುಕ್ತ. ಆರೋಗ್ಯವಾಗಿರುವವರಲ್ಲಿ ಕ್ಯಾನ್ಸರ್ ಹುಡುಕಲು ಇದು ಮೋಸದ ದೀಪ. 35ಕ್ಕಿಂತ ಮೇಲೆ ಹೋಗಲು ಫೈಬ್ರಾಯ್ಡ್ ಸಾಕು, ಎಂಡೊಮೆಟ್ರಿಯಾಸಿಸ್ ಸಾಕು, ಮುಟ್ಟಿನ ದಿನಗಳಲ್ಲಿ ರಕ್ತ ಕೊಟ್ಟಿದ್ದರೂ ಸಾಕು, ಬಸಿರಾದರೂ ಏರುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ಕಾರಣವೂ ಇದೆ: ಹೊಟ್ಟೆಯ ಕ್ಷಯ. ಹೊಟ್ಟೆಯಲ್ಲಿ ನೀರು, ಸ್ಕ್ಯಾನಿನಲ್ಲಿ ಗಡ್ಡೆಯ ನೆರಳು, ಸಿಎ-125 ನೂರಾರು. ಕ್ಯಾನ್ಸರೇ ಎಂದು ಹೊಟ್ಟೆ ತೆರೆದು ನೋಡಿದರೆ ಟಿಬಿ. ಆರು ತಿಂಗಳ ಮಾತ್ರೆಗೆ ವಾಸಿಯಾಗುವ ಕಾಯಿಲೆ. ಅತ್ತ ನಿಜವಾದ ಮೊದಲ ಹಂತದ ಕ್ಯಾನ್ಸರ್ ಇದ್ದವರಲ್ಲಿ ಅರ್ಧ ಜನರಿಗೆ ಸಿಎ-125 ಏರುವುದೇ ಇಲ್ಲ.

ಎಲ್ಲರಿಗೂ ಇದನ್ನು ಮಾಡಿ ನೋಡಿದರೆ ಹೇಗೆ ಎಂದು ಅಮೆರಿಕದಲ್ಲಿ 78 ಸಾವಿರ ಹೆಂಗಸರ ಮೇಲೆ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವು ಕಡಿಮೆಯಾಗಲಿಲ್ಲ. 3,285 ಜನರಿಗೆ ಸುಳ್ಳು ಎಚ್ಚರಿಕೆ ಬಂತು, ಅವರಲ್ಲಿ 1,080 ಜನ ಆಪರೇಷನ್ ಮಾಡಿಸಿಕೊಂಡರು, 163 ಜನರಿಗೆ ಗಂಭೀರ ತೊಂದರೆಗಳಾದವು. ಇಲ್ಲದ ಕಾಯಿಲೆಗೆ! ಬ್ರಿಟನ್ನಿನಲ್ಲಿ ಉಷಾ ಮೆನನ್ ಅವರ ತಂಡ ಇನ್ನೂ ಜಾಣತನದಿಂದ, ಒಂದು ಸಲದ ಅಂಕಿಗಿಂತ ವರ್ಷದಿಂದ ವರ್ಷಕ್ಕೆ ಏರುವ ಗತಿಯನ್ನು ಲೆಕ್ಕ ಹಾಕಿ, ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಹದಿನಾರು ವರ್ಷದಷ್ಟು ಕಾಲ ಹಿಂಬಾಲಿಸಿತು. 2021ರ ಕೊನೆಯ ಲೆಕ್ಕದಲ್ಲಿ ಕ್ಯಾನ್ಸರ್ ಕೆಲವರಲ್ಲಿ ತುಸು ಮುಂಚೆ ಸಿಕ್ಕಿತ್ತು, ಆದರೆ ಸಾಯುವವರ ಸಂಖ್ಯೆ ಇಳಿದಿರಲಿಲ್ಲ. ಈ ಕ್ಷೇತ್ರದ ನಮ್ಮೆಲ್ಲರಿಗೂ ಅದು ಬೇಸರದ ದಿನ.

ಆರು ವಾರ ಬಿಟ್ಟು, ಮುಟ್ಟಿನ ದಿನಗಳಲ್ಲದ ಹೊತ್ತಿನಲ್ಲಿ ಇನ್ನೊಮ್ಮೆ ರಕ್ತ ಕೊಡಿ. ಒಳಗಿನಿಂದ ನೋಡುವ ಸ್ಕ್ಯಾನಿಂಗ್ ಒಂದು ಮಾಡಿಸಿ, ಎರಡನ್ನೂ ಹಿಡಿದು ಸ್ತ್ರೀರೋಗ ತಜ್ಞರನ್ನು ಕಾಣಿ. ಮುಂದಿನ ವರ್ಷ ಪ್ಯಾಕೇಜ್ ಮಾಡಿಸುವಾಗ ಈ ಒಂದು ಸಾಲನ್ನು ಹೊಡೆದುಹಾಕಲು ಹೇಳಿ.

ಪ್ರಶ್ನೆ: ನನ್ನ ತಂಗಿಗೆ ಅಂಡಾಶಯದ ಕ್ಯಾನ್ಸರ್ ಆಗಿ ಬಿಆರ್‌ಸಿಎ-2 ಪಾಸಿಟಿವ್ ಬಂದಿದೆ. ಡಾಕ್ಟರು ನನ್ನನ್ನೂ ಪರೀಕ್ಷೆಗೆ ಕರೆದಿದ್ದಾರೆ. ಗಂಡಸಿಗೆ ಇದೆಂಥ ಟೆಸ್ಟ್? ನನಗಿರುವುದು ಇಬ್ಬರು ಹೆಣ್ಣುಮಕ್ಕಳು.
– ಓದುಗರು, ತುಮಕೂರು

ಉತ್ತರ: ಉತ್ತರ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಅಂಡಾಶಯ ಇಲ್ಲದಿದ್ದರೂ ಅದರ ಕ್ಯಾನ್ಸರಿನ ಜೀನನ್ನು ಗಂಡಸು ಮಗಳಿಗೆ ದಾಟಿಸಬಲ್ಲ. ಬಿಆರ್‌ಸಿಎ-2 ಇರುವ ಗಂಡಸರಿಗೆ ಪ್ರಾಸ್ಟೇಟ್, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಅಪರೂಪಕ್ಕೆ ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚು. ಆದ್ದರಿಂದ ಈ ಟೆಸ್ಟ್ ನಿಮಗೂ ಬೇಕು, ಮಕ್ಕಳಿಗಾಗಿಯೂ ಬೇಕು.

ಒಂದು ಸಣ್ಣ ಪ್ರಸಂಗ ಹೇಳುತ್ತೇನೆ. ಹಿಂದೊಮ್ಮೆ ಒಪಿಡಿಯಲ್ಲಿ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು, ಅಂಡಾಶಯದ ಕ್ಯಾನ್ಸರ್. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದೆ. "ಯಾರಿಗೂ ಇಲ್ಲ ಮೇಡಂ, ನಾನೇ ಮೊದಲು." ಸ್ಕ್ಯಾನಿಂಗ್ ಕವರನ್ನು ಮಗುಚಿ ಅದರ ಬೆನ್ನ ಮೇಲೆ ಬರೆಯತೊಡಗಿದೆ. ಹೆಂಗಸಿಗೆ ವೃತ್ತ, ಗಂಡಸಿಗೆ ಚೌಕ. ಅಮ್ಮನ ಕಡೆ, ಅವರ ತಂಗಿಯರೆಲ್ಲ ಗಟ್ಟಿಯಾಗಿದ್ದಾರೆ. ಅಪ್ಪನ ಅಮ್ಮ? "ಹೊಟ್ಟೆಯಲ್ಲಿ ನೀರು ತುಂಬಿ ಹೋದರು. ಜಲೋದರ ಅಂದರು. ಆಗ ಅಪ್ಪನಿಗೆ ಹದಿನಾಲ್ಕು." ಸೋದರತ್ತೆ? "ಎದೆಯಲ್ಲಿ ಹುಣ್ಣಾಗಿತ್ತು, ನಾಟಿ ಔಷಧಿ ಕಟ್ಟಿಸುತ್ತಿದ್ದರು." ದೊಡ್ಡಪ್ಪ? "ಮೂತ್ರ ಕಟ್ಟಿ ಆಸ್ಪತ್ರೆಗೆ ಸೇರಿಸಿದರು, ಪ್ರಾಸ್ಟೇಟ್ ಅಂತಿದ್ದರು." ಎರಡು ವೃತ್ತ, ಒಂದು ಚೌಕಕ್ಕೆ ಮಸಿ ಬಿತ್ತು. ಆಕೆ ಕವರನ್ನು ತನ್ನ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಇಷ್ಟು ದಿನ ಆಕೆ ಅಮ್ಮನ ಕಡೆಯನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು. ಹೆಂಗಸರ ಕಾಯಿಲೆ ಹೆಂಗಸರ ಕಡೆಯಿಂದಲೇ ಬರಬೇಕು ಎಂಬ ನಂಬಿಕೆ.

ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಹೋದವರ ಹೆಸರೆಲ್ಲ ನೆನೆಯುತ್ತೇವೆ, ಅವರಿಗೆ ಇಷ್ಟವಾದ ತಿಂಡಿಯೂ ನೆನಪಿರುತ್ತದೆ. ಜೀನ್ ಕೌನ್ಸೆಲರ್ ಕೇಳುವುದೂ ಮೂರು ತಲೆಮಾರಿನ ಅದೇ ಪಟ್ಟಿ. ಜೊತೆಗೆ ಎರಡೇ ಎರಡು ಪ್ರಶ್ನೆ: ಯಾವುದರಿಂದ ಹೋದರು, ಎಷ್ಟನೇ ವಯಸ್ಸಿನಲ್ಲಿ.

ಪ್ರಶ್ನೆ: ನಮ್ಮ ಕಡೆ ಅಕ್ಕನ ಮಗಳನ್ನ ಮಾಡ್ಕೊಳ್ಳೋದು ರೂಢಿ ಅದ. ನಂದೂ ಹಂಗೇ ಲಗ್ನ ಆಗಿ ಒಂದು ವರ್ಷ ಆತು. ಈಗ ಅಕ್ಕಗ ಕ್ಯಾನ್ಸರ್ ಅಂತ ಗೊತ್ತಾಗ್ಯದ, ಟೆಸ್ಟ್‌ನಾಗ ಬಿಆರ್‌ಸಿಎ-2 ಅಂತ ಬಂದದ. ಸಂಬಂಧದಾಗ ಲಗ್ನ ಆದದ್ದಕ್ಕ ಹಿಂಗಾತೇನ್ರಿ?
– ಓದುಗರು, ಕಲಬುರಗಿ

ಉತ್ತರ: ನಿಮ್ಮ ಅಕ್ಕನಿಗೆ ಕ್ಯಾನ್ಸರ್ ಬಂದದ್ದಕ್ಕೂ ನಿಮ್ಮ ಮದುವೆಗೂ ಏನೂ ಸಂಬಂಧವಿಲ್ಲ. ಈ ಜೀನ್ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕೆಂದಿಲ್ಲ. ಒಬ್ಬರಿಂದ ಬಂದರೂ ಅಪಾಯ ಏರುತ್ತದೆ. ಹೊರಗಿನ ಸಂಬಂಧ ಮಾಡಿದವರಲ್ಲೂ ಅಷ್ಟೇ.

ಆದರೆ ನೀವು ಕೇಳದ ಪ್ರಶ್ನೆ ಒಂದಿದೆ. ಈಗ ನಿಮ್ಮ ಅಕ್ಕನೇ ನಿಮ್ಮ ಅತ್ತೆ. ಆಕೆಯ ಮಗಳಿಗೆ, ಎಂದರೆ ನಿಮ್ಮ ಹೆಂಡತಿಗೆ, ಆ ದೋಷ ಬಂದಿರುವ ಸಾಧ್ಯತೆ ಅರ್ಧ. ಅಕ್ಕನಿಗೆ ಅದು ಬಂದದ್ದು ನಿಮ್ಮ ತಂದೆ ಅಥವಾ ತಾಯಿಯಿಂದ ಆದ್ದರಿಂದ ನಿಮಗೂ ಬಂದಿರುವ ಸಾಧ್ಯತೆ ಅರ್ಧ. ಇಬ್ಬರಲ್ಲೂ ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ಎರಡೂ ಕಡೆಯಿಂದ ಕೆಟ್ಟ ಪ್ರತಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆ ಸಿಕ್ಕ ಕೂಸಿಗೆ ಫ್ಯಾಂಕೋನಿ ಅನೀಮಿಯಾ ಎಂಬ ಕಾಯಿಲೆ ಬರುತ್ತದೆ. ಮೂಳೆಮಜ್ಜೆಯಲ್ಲಿ ರಕ್ತ ತಯಾರಾಗುವುದು ಕುಂದುತ್ತದೆ, ಎಳವೆಯಲ್ಲೇ ಕ್ಯಾನ್ಸರ್ ಬರಬಹುದು. ಮಗುವಿನ ಯೋಚನೆ ಮಾಡುವ ಮುಂಚೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ರಕ್ತ ಕೊಡಿ. ಈಗಾಗಲೇ ಬಸಿರಿದ್ದರೆ ನಾಳೆಯೇ ಹೋಗಿ.

ಪ್ರಶ್ನೆ: ಆರು ವರ್ಷದ ಹಿಂದೆ ಗರ್ಭಕೋಶ ತೆಗೆಸಿದ್ದೇನೆ. ಆಗ 36 ವರ್ಷ. ಇನ್ನು ನನಗೆ ಈ ಕ್ಯಾನ್ಸರಿನ ಭಯ ಇಲ್ಲವಲ್ಲ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಗರ್ಭಕೋಶ ಬೇರೆ, ಅಂಡಾಶಯ ಬೇರೆ. 36ರಲ್ಲಿ ಗರ್ಭಕೋಶ ತೆಗೆಯುವಾಗ ಅಂಡಾಶಯವನ್ನು ಸಾಮಾನ್ಯವಾಗಿ ಉಳಿಸುತ್ತಾರೆ, ಉಳಿಸಬೇಕು ಕೂಡ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಏನೇನು ತೆಗೆದರು ಎಂದು ಬರೆದಿರುತ್ತದೆ, ಯಾರಿಂದಲಾದರೂ ಓದಿಸಿ. ಆ ಕಾಗದವೇ ಇಲ್ಲದ ಎಷ್ಟೋ ಹೆಂಗಸರು ನಮ್ಮಲ್ಲಿಗೆ ಬರುತ್ತಾರೆ. ಹೊಟ್ಟೆಯ ಮೇಲೆ ಗೆರೆ ಇದೆ, ಒಳಗೆ ಏನು ಉಳಿದಿದೆ ಎಂದು ಅವರಿಗೂ ಗೊತ್ತಿಲ್ಲ.

ಇದರ ಜೊತೆಗೇ ಒಂದು ಸಿಹಿ ಸುದ್ದಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2010ರಿಂದ, ಬೇರೆ ಕಾರಣಕ್ಕೆ ಆಪರೇಷನ್ ಮಾಡುವಾಗ ಅಂಡಾಶಯ ಉಳಿಸಿ ಡಿಂಬನಾಳಗಳನ್ನು ಮಾತ್ರ ತೆಗೆದುಬಿಡುವ ರೂಢಿ ತಂದರು. ಹಾಗೆ ತೆಗೆಸಿಕೊಂಡ 25,889 ಹೆಂಗಸರ ಲೆಕ್ಕ 2022ರಲ್ಲಿ ಬಂತು. ಐದು ಜನರಿಗಾದರೂ ಅತಿ ಸಾಮಾನ್ಯ ಬಗೆಯ ಅಂಡಾಶಯದ ಕ್ಯಾನ್ಸರ್ ಬರಬೇಕಿತ್ತು. ಒಬ್ಬರಿಗೂ ಬಂದಿರಲಿಲ್ಲ. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಜನ ಕುಟುಂಬ ಯೋಜನೆ ಆಪರೇಷನ್ ಮಾಡಿಸಿಕೊಂಡವರು. ನಾಳ ಕಟ್ಟುವುದರಿಂದಲೂ ಅಪಾಯ ಸ್ವಲ್ಪ ಇಳಿಯುತ್ತದೆ, ಪೂರ್ತಿ ತೆಗೆದರೆ ಇನ್ನೂ ಇಳಿಯುತ್ತದೆ. ಅಂಡಾಶಯದ ಕ್ಯಾನ್ಸರಿಗೆ ನಾಳ ಯಾಕೆ ತೆಗೆಯಬೇಕು ಎಂದು ನೀವು ಕೇಳುವ ಮುಂಚೆ ಧಾರವಾಡದ ಹುಡುಗಿ ಕೇಳಿದ್ದಾಳೆ.

ಪ್ರಶ್ನೆ: ಬಯೋಟೆಕ್ನಾಲಜಿ ಎಂಎಸ್ಸಿ ಓದುತ್ತಿದ್ದೇನೆ. ಪ್ಯಾಪ್ ಪರೀಕ್ಷೆಯ ದ್ರವದಲ್ಲಿ, ರಕ್ತದಲ್ಲಿ ಡಿಎನ್‌ಎ ಹುಡುಕಿ ಅಂಡಾಶಯದ ಕ್ಯಾನ್ಸರನ್ನು ಮೊದಲೇ ಹಿಡಿಯುವ ಸಂಶೋಧನೆ ಎಲ್ಲಿಗೆ ಬಂದಿದೆ? ಮೂಲದಲ್ಲಿ ಅದು ಡಿಂಬನಾಳದಲ್ಲೇ ಹುಟ್ಟುತ್ತದಂತೆ, ಹೌದೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹೌದು, ಬಹುಪಾಲು. ನೂರು ವರ್ಷ ನಾವೆಲ್ಲ ತಪ್ಪು ಮನೆಯ ಬಾಗಿಲು ತಟ್ಟುತ್ತಿದ್ದೆವು. ಡಿಂಬನಾಳದ ತುದಿ, ರೇಷ್ಮೆ ಸೀರೆಯ ಸೆರಗಿಗೆ ಕಟ್ಟಿದ ಕುಚ್ಚಿನಂತೆ ಎಳೆ ಎಳೆಯಾಗಿ ಅಂಡಾಶಯದ ಮೇಲೆ ಇಳಿಬಿದ್ದಿರುತ್ತದೆ. ಕ್ಯಾನ್ಸರಿನ ಅಪಾಯವಿದ್ದ ಮನೆತನದ ಹೆಂಗಸರಿಂದ ಮುಂಜಾಗ್ರತೆಗೆಂದು ತೆಗೆದ ನಾಳಗಳ ಒಳಪದರ ಕೆಟ್ಟಿರುವುದನ್ನು ನೆದರ್ಲೆಂಡ್ಸಿನ ಸಂಶೋಧಕರು 2001ರಲ್ಲಿ ವರದಿ ಮಾಡಿದರು. ಅಲ್ಲಿಯವರೆಗೆ ಆಪರೇಷನ್ನಿನಲ್ಲಿ ಬಂದ ನಾಳದ ಒಂದೆರಡು ಅಡ್ಡ ತುಂಡು ನೋಡಿ ಉಳಿದದ್ದನ್ನು ಬಕೆಟ್ಟಿಗೆ ಹಾಕುವುದೇ ಪದ್ಧತಿಯಾಗಿತ್ತು. ಆಮೇಲೆ ಬಾಸ್ಟನ್ನಿನವರು ಕುಚ್ಚನ್ನು ಉದ್ದಕ್ಕೆ ತೆಳುವಾಗಿ ಸೀಳಿ ಪೂರ್ತಿ ನೋಡುವ ಕ್ರಮ ತಂದರು. ಕ್ಯಾನ್ಸರಿನ ಬೀಜ ಅಲ್ಲಿ ಕೂತಿತ್ತು. ಅಲ್ಲಿಂದ ಉದುರಿದ ಕೋಶಗಳು ಅಂಡಾಶಯದ ಮೇಲೆ ಬಿದ್ದು ಬೆಳೆಯುತ್ತವೆ, ಹೆಸರು ಅಂಡಾಶಯಕ್ಕೆ ಬರುತ್ತದೆ.

ಆ ಬೀಜ ದೊಡ್ಡ ಕ್ಯಾನ್ಸರ್ ಆಗಲು ಸರಾಸರಿ ಆರೂವರೆ ವರ್ಷ ಹಿಡಿಯಬಹುದು ಎಂದು 2017ರ ಒಂದು ಅಧ್ಯಯನ ಲೆಕ್ಕ ಹಾಕಿತು. ಕೆಲವೇ ರೋಗಿಗಳ ಮೇಲಿನ ಲೆಕ್ಕ ಅದು, ಆದರೂ ಆಸೆ ಹುಟ್ಟಿಸುವಂಥದ್ದು. ಇನ್ನೊಂದು ಅನುಕೂಲ: ಈ ಬಗೆಯ ಗಡ್ಡೆಗಳಲ್ಲಿ ನೂರಕ್ಕೆ 96ರಲ್ಲಿ ಟಿಪಿ-53 ಎಂಬ ಜೀನ್ ಕೆಟ್ಟಿರುತ್ತದೆ ಎಂದು 2011ರಲ್ಲಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಎಂಬ ಸಂಶೋಧನಾ ಯೋಜನೆ ತೋರಿಸಿತು. ಕಳ್ಳ ಯಾರೆಂದು ಗೊತ್ತು, ಬರುವ ದಾರಿ ಗೊತ್ತು, ಆರು ವರ್ಷ ಸಮಯವೂ ಇದೆ. ಹಿಡಿಯಲು ಇನ್ನೇನು ಕಷ್ಟ?

ಕಷ್ಟ ಇರುವುದು ಪ್ರಮಾಣದಲ್ಲಿ. ಅಕ್ಕಿಕಾಳಿಗಿಂತ ಚಿಕ್ಕ ಗಾಯ ರಕ್ತಕ್ಕೆ ಬಿಡುವ ಡಿಎನ್‌ಎ ಎಷ್ಟಿದ್ದೀತು? ಜಾನ್ಸ್ ಹಾಪ್‌ಕಿನ್ಸ್ ತಂಡ 2018ರಲ್ಲಿ ಪ್ಯಾಪ್ ಬ್ರಷ್ಷಿನ ದ್ರವದಲ್ಲಿ ಹುಡುಕಿದಾಗ ಅಂಡಾಶಯದ ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 33 ಜನ ಸಿಕ್ಕರು. ಗರ್ಭಕೋಶದ ಒಳಗಿನವರೆಗೆ ಹೋಗುವ ಬ್ರಷ್ ಬಳಸಿದಾಗ 45, ಪ್ಯಾಪ್ ಬ್ರಷ್ಷಿನ ಜೊತೆಗೆ ರಕ್ತಪರೀಕ್ಷೆಯನ್ನೂ ಕೂಡಿಸಿದಾಗ 63. ಐವತ್ತಕ್ಕೂ ಹೆಚ್ಚು ಕ್ಯಾನ್ಸರುಗಳನ್ನು ಒಂದೇ ರಕ್ತಪರೀಕ್ಷೆಯಲ್ಲಿ ಹಿಡಿಯುತ್ತೇವೆ ಎಂದು ಈಗ ಸದ್ದು ಮಾಡುತ್ತಿರುವ ಪರೀಕ್ಷೆಗಳಿವೆಯಲ್ಲ, ಡಿಎನ್‌ಎ ಮೇಲಿನ ಮಿಥೈಲ್ ಗುರುತುಗಳನ್ನು ಓದುವಂಥವು? ಅಂಥ ಒಂದು ಪರೀಕ್ಷೆಯ 2021ರ ಲೆಕ್ಕದಲ್ಲಿ, ಎಲ್ಲ ಕ್ಯಾನ್ಸರ್ ಸೇರಿ, ನಾಲ್ಕನೇ ಹಂತದವರಲ್ಲಿ ನೂರಕ್ಕೆ 90 ಜನ ಸಿಕ್ಕರು, ಮೊದಲ ಹಂತದವರಲ್ಲಿ 17. ನಮಗೆ ಬೇಕಿರುವುದು ಆ ಹದಿನೇಳನ್ನು ಏರಿಸುವವರು.

ಇನ್ನೊಂದು ತೊಡಕು ಕುತೂಹಲದ್ದು. ವಯಸ್ಸಾದಂತೆ ಆರೋಗ್ಯವಂತ ಹೆಂಗಸರ ಕೋಶಗಳಲ್ಲೂ ಟಿಪಿ-53 ಅಲ್ಲಲ್ಲಿ ಕೆಡುತ್ತದೆ, ಅವರಿಗೆ ಏನೂ ಆಗುವುದಿಲ್ಲ. ಬಹಳ ಸೂಕ್ಷ್ಮವಾದ ಜರಡಿ ಹಿಡಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ.

ನಿನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಈ ಲೆಕ್ಕ ಮಾಡಿ ನೋಡು. ಪಶ್ಚಿಮ ದೇಶಗಳ, ಮುಟ್ಟು ನಿಂತ ಒಂದು ಲಕ್ಷ ಹೆಂಗಸರಲ್ಲಿ ವರ್ಷಕ್ಕೆ ಸುಮಾರು 40 ಜನರಿಗೆ ಈ ಕ್ಯಾನ್ಸರ್. ನಮ್ಮಲ್ಲಿ ಪ್ರಮಾಣ ಇನ್ನೂ ಕಡಿಮೆ. ನೂರಕ್ಕೆ 75 ಹಿಡಿಯುವ, ಆರೋಗ್ಯವಂತರಲ್ಲಿ ನೂರಕ್ಕೆ 99 ಜನರಿಗೆ 'ಇಲ್ಲ' ಎಂದು ಸರಿಯಾಗಿ ಹೇಳುವ ಪರೀಕ್ಷೆ ಇದೆ ಎಂದುಕೊ. ಕೇಳಲು ಅದ್ಭುತ. 30 ಜನ ಸಿಕ್ಕರು. ಜೊತೆಗೆ ಕಾಯಿಲೆಯೇ ಇಲ್ಲದ ಸಾವಿರ ಜನ ಸಿಕ್ಕರು. ಸ್ತನಕ್ಕಾದರೆ ಸೂಜಿ ಹಾಕಿ ನೋಡಬಹುದು, ಗರ್ಭಕೊರಳಿಗಾದರೆ ಚಿಟಿಕೆ ತೆಗೆಯಬಹುದು. ಅಂಡಾಶಯಕ್ಕೆ ಹೊಟ್ಟೆಯೊಳಗೆ ಹೋಗಲೇಬೇಕು. ಸಾವಿರ ಜನರ ಹೊಟ್ಟೆ!

ಭಾರತದಲ್ಲಿ 2022ರಲ್ಲಿ ಸುಮಾರು 47 ಸಾವಿರ ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂತು ಎಂದು ಅಂದಾಜು. ಅಂಡಾಶಯದಲ್ಲೇ ಇರುವಾಗ ಸಿಕ್ಕರೆ ಐದು ವರ್ಷ ದಾಟುವವರು ನೂರಕ್ಕೆ 90ರ ಮೇಲೆ, ದೂರ ಹಬ್ಬಿದ ಮೇಲೆ 30ರ ಆಸುಪಾಸು. ಈ ಎರಡು ಅಂಕಿಗಳ ನಡುವಿನ ಕಂದರವೇ ಎಲ್ಲರನ್ನೂ ಈ ಸಂಶೋಧನೆಗೆ ಎಳೆಯುತ್ತಿರುವುದು. ಹೊಸ ಪರೀಕ್ಷೆಯ ಸುದ್ದಿ ಓದಿದಾಗಲೆಲ್ಲ ಒಂದೇ ಪ್ರಶ್ನೆ ಕೇಳು: ಸಾಯುವವರ ಸಂಖ್ಯೆ ಇಳಿಯಿತೇ? 'ಬೇಗ ಪತ್ತೆಯಾಯಿತು' ಎಂಬಷ್ಟಕ್ಕೇ ಚಪ್ಪಾಳೆ ತಟ್ಟಬೇಡ. ಬ್ರಿಟನ್ನಿನ ಕಥೆಯನ್ನು ಮೇಲೆ ಬರೆದಿದ್ದೇನೆ.

ಪ್ರಶ್ನೆ: (ಅ) ಜೀನ್ ವರದಿಯಲ್ಲಿ 'ವಿಯುಎಸ್' ಎಂದು ಬಂದಿದೆ. ಅಂಡಾಶಯ ತೆಗೆಸಿಬಿಡಲೇ? – ಬೆಂಗಳೂರು. (ಆ) ಮನೆಗೇ ಬರುವ ಎಂಜಲಿನ ಕಿಟ್‌ನಲ್ಲಿ ಬಿಆರ್‌ಸಿಎ ಇಲ್ಲ ಎಂದು ಬಂತು. ನೆಮ್ಮದಿಯಿಂದ ಇರಬಹುದೇ? – ನ್ಯೂಜೆರ್ಸಿ, ಅಮೆರಿಕ

ಉತ್ತರ: ಇಬ್ಬರಿಗೂ ಒಂದೇ ಮಾತು: ಅವಸರ ಬೇಡ. ವಿಯುಎಸ್ ಎಂದರೆ ಜೀನಿನಲ್ಲಿ ಒಂದು ಅಕ್ಷರ ಬದಲಾಗಿದೆ, ಅದು ಕೆಟ್ಟದ್ದೋ ನಿರುಪದ್ರವಿಯೋ ತೀರ್ಮಾನವಾಗಿಲ್ಲ ಎಂದು. ಜಗತ್ತಿನ ಜೀನ್ ಭಂಡಾರಗಳಲ್ಲಿ ಯುರೋಪ್ ಮೂಲದವರ ಮಾಹಿತಿಯೇ ತುಂಬಿರುವುದರಿಂದ ನಮ್ಮವರ ವರದಿಗಳಲ್ಲಿ ಈ ಮೂರಕ್ಷರ ಹೆಚ್ಚು. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟದ್ದು ಇದಕ್ಕೇ ಉಪಯೋಗಕ್ಕೆ ಬರುತ್ತದೆ. ವಿಯುಎಸ್ ನೋಡಿ ಅಂಗ ತೆಗೆಸುವುದು ತಪ್ಪು. ವರ್ಷ ಎರಡು ವರ್ಷಕ್ಕೊಮ್ಮೆ ಲ್ಯಾಬಿಗೆ ಫೋನ್ ಮಾಡಿ, ಅರ್ಥ ಬದಲಾಯಿತೇ ಎಂದು ಕೇಳಿ.

ನ್ಯೂಜೆರ್ಸಿಯವರಿಗೆ: ಅಮೆರಿಕದಲ್ಲಿ ಇಂಥ ಕಿಟ್‌ಗೆ 2018ರಲ್ಲಿ ಮೊದಲ ಅನುಮತಿ ಸಿಕ್ಕಾಗ ಅದು ನೋಡುತ್ತಿದ್ದದ್ದು ಮೂರೇ ದೋಷಗಳನ್ನು, ಪೂರ್ವ ಯುರೋಪಿನ ಯಹೂದಿಗಳಲ್ಲಿ ಸಾಮಾನ್ಯವಾದವು. ಗೊತ್ತಿರುವ ದೋಷಗಳು ಸಾವಿರಾರು. ಆ ಮೂರರಲ್ಲಿ ಒಂದು, 185-ಡೆಲ್-ಎಜಿ ಎಂಬುದು, ದಕ್ಷಿಣ ಭಾರತದ ರೋಗಿಗಳಲ್ಲೂ ಮತ್ತೆ ಮತ್ತೆ ಸಿಕ್ಕಿದೆ ಎಂಬುದು ಸ್ವಾರಸ್ಯದ ಸಂಗತಿ. ಆದರೂ ನಿಮ್ಮ ಕಿಟ್ ಇಡೀ ಪುಸ್ತಕ ಓದಿಲ್ಲ, ಕೆಲವು ಸಾಲು ಓದಿದೆ. ಮನೆತನದಲ್ಲಿ ಕ್ಯಾನ್ಸರ್ ಇದ್ದರೆ ಪೂರ್ತಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮೂರು ವರ್ಷದ ಹಿಂದೆ ನನಗೆ ಸ್ತನ ಕ್ಯಾನ್ಸರ್ ಆಗಿ ವಾಸಿಯಾಯಿತು. ಬಿಆರ್‌ಸಿಎ-1 ಪಾಸಿಟಿವ್. ನನಗೆ 50. ಮಗಳಿಗೆ 24, ಸಂಬಂಧ ನೋಡುತ್ತಿದ್ದೇವೆ. ಟೆಸ್ಟ್ ಮಾಡಿಸಿ ಪಾಸಿಟಿವ್ ಬಂದರೆ ಯಾರು ಮಾಡಿಕೊಳ್ಳುತ್ತಾರೆ? ಮದುವೆಯಾಗುವವರೆಗೆ ಸುಮ್ಮನಿರೋಣ ಅಂತ ನಮ್ಮನೆಯವರು. ಈ ಜೀನ್ ವಿಷಯ ನನ್ನ ತಂಗಿಗೂ ಹೇಳಿಲ್ಲ, ಅವಳ ಬಾಯಿಂದ ಊರಿಗೆಲ್ಲ ಗೊತ್ತಾಗುತ್ತದೆ. ಅವಳಿಗೆ 44.
– ಒಬ್ಬ ತಾಯಿ

ಉತ್ತರ: ನಿಮ್ಮ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಜಾತಕದ ಜೊತೆ ಆಸ್ಪತ್ರೆ ಫೈಲೂ ಕೇಳುವ ಮನೆಗಳಿವೆ. ಆದರೆ ಮಗಳ ವಿಷಯದಲ್ಲಿ ನಿಮಗೆ ಸಮಯವಿದೆ. 24ರಲ್ಲಿ ಅಂಡಾಶಯಕ್ಕೆ ಮಾಡಬೇಕಾದದ್ದು ಏನೂ ಇಲ್ಲ, ತೆಗೆಸುವ ಮಾತು 35ರ ನಂತರ, ಮಕ್ಕಳಾದ ಮೇಲೆ. ಸ್ತನದ ಎಂಆರ್‌ಐ ಮಾತ್ರ 25ರಿಂದ ವರ್ಷಕ್ಕೊಮ್ಮೆ ಶುರುವಾಗಬೇಕು. ಆದ್ದರಿಂದ ಆಕೆಗೆ ವಿಷಯ ತಿಳಿದಿರಬೇಕು, ಟೆಸ್ಟ್ ಯಾವಾಗ ಎಂಬುದನ್ನು ಆಕೆಯೇ ತೀರ್ಮಾನಿಸಬೇಕು. ಅಪ್ಪ ಅಮ್ಮ ಮುಚ್ಚಿಟ್ಟು, ಮದುವೆಯಾದ ಮೇಲೆ ಹೊರಬಿದ್ದರೆ ಆ ಮನೆಯಲ್ಲಿ ತಲೆತಗ್ಗಿಸಬೇಕಾದವಳು ಅವಳು. ವರದಿ ಅವಳ ಸ್ವತ್ತು. ಹುಡುಗನಿಗೆ ಹೇಳುವುದೂ ಬಿಡುವುದೂ ಅವಳ ಕೈಯಲ್ಲೇ ಇರಲಿ. ನನ್ನನ್ನು ಕೇಳಿದರೆ ಹೇಳಿಬಿಡಲಿ ಎನ್ನುತ್ತೇನೆ. ಹಾಲಿವುಡ್ ನಟಿ ಆಂಜೆಲಿನಾ ಜೋಲಿ ಇದೇ ಬಿಆರ್‌ಸಿಎ-1 ದೋಷವನ್ನು 2013ರಲ್ಲಿ ಪತ್ರಿಕೆಯಲ್ಲೇ ಬರೆದರು, ಎರಡು ವರ್ಷದ ನಂತರ ಅಂಡಾಶಯ ತೆಗೆಸಿದ್ದನ್ನೂ ಬರೆದರು. ಅವರ ತಾಯಿ ತೀರಿಕೊಂಡದ್ದು 56ರಲ್ಲಿ. ಆಕೆಯ ಲೋಕ ಬೇರೆ, ನಮ್ಮದು ಬೇರೆ, ಒಪ್ಪುತ್ತೇನೆ.

ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ಸ್ತನದ್ದು ವಾಸಿಯಾಯಿತು, ಸರಿ. ನಿಮ್ಮ ಅಂಡಾಶಯಗಳನ್ನು ತೆಗೆದಿದ್ದಾರೆಯೇ? ಬಿಆರ್‌ಸಿಎ-1 ಇದ್ದು 50 ಆದವರಿಗೆ ಅದು ಆಗಿಹೋಗಿರಬೇಕಾದ ಕೆಲಸ. ಈ ಪತ್ರಿಕೆ ತೆಗೆದುಕೊಂಡು ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ.

ಮಗಳ ವಿಷಯ ಒಂದು ವರ್ಷ ತಡೆದೀತು. ನಿಮ್ಮ ತಂಗಿಗೆ ಮಾತ್ರ ಈ ವಾರವೇ ಫೋನ್ ಮಾಡಿ. ಆಕೆಗೆ 44 ಅಂದಿರಿ.